ಕೊನೆಯ 80 ಸೆಕೆಂಡು: ಬಾನುಲಿ ನಿಲ್ದಾಣವೊಂದರ ಒಂದು ದಿನದ ಪ್ರಸಾರ, ಒಂದು ಪ್ರಕರಣ ಅಧ್ಯಯನ

ಮಾತು ಮತ್ತು ಸಂಗೀತ ಎರಡನ್ನೂ ಒಂದೇ ದಿನದ ಪಟ್ಟಿಯಲ್ಲಿ ಹೆಣೆಯುವ ನಿಲ್ದಾಣಗಳಲ್ಲಿ ಸಮಯದ ಲೆಕ್ಕ ಎಲ್ಲಿ ತಪ್ಪುತ್ತದೆ, ತಪ್ಪಿದಾಗ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಲೇಬಾರದು ಎಂಬುದು ಈ ಪ್ರಕರಣದ ವಿಷಯ. ನಿಲ್ದಾಣ, ದಿನಾಂಕ, ವ್ಯಕ್ತಿಗಳ ಗುರುತು ಮರೆಮಾಡಲಾಗಿದೆ. ಉಳಿದ ವಿವರಗಳು ಲಾಗ್ ಬುಕ್, ಕ್ಯೂ ಶೀಟ್ ಮತ್ತು ಪ್ರಸಾರದ ಧ್ವನಿಮುದ್ರಿಕೆಯನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದಾಗ ಸಿಕ್ಕಂಥವು.

ಹಿನ್ನೆಲೆ

ರಾಷ್ಟ್ರೀಯ ಬಾನುಲಿ ಜಾಲಕ್ಕೆ ಸೇರಿದ, ಉತ್ತರ ಕರ್ನಾಟಕದ ಒಂದು ನಿಲ್ದಾಣ. ದಿನಕ್ಕೆ ಮೂರು ಪ್ರಸಾರ: ಬೆಳಗಿನದು, ಮಧ್ಯಾಹ್ನದ್ದು, ಸಂಜೆಯಿಂದ ರಾತ್ರಿವರೆಗಿನದು. ಬೆಳಿಗ್ಗೆ 5.55ರ ಸುಮಾರಿಗೆ ಸಂಗೀತಗಾರ ವಾಲ್ಟರ್ ಕಾಫ್‌ಮನ್ ರಚಿಸಿದ, ಪ್ರಸಾರ ಶುರುವಾಗುವಾಗ ಕೇಳುವ ಸಂಕೇತ ರಾಗ, ವಂದೇ ಮಾತರಂ, ಮಂಗಳವಾದ್ಯ, ಚಿಂತನ, ರೈತರಿಗೆ ಸಲಹೆ, ವಾರ್ತೆ, ಭಾವಗೀತೆ, ಆರೋಗ್ಯ ಸಂದರ್ಶನ. ಮಧ್ಯಾಹ್ನ ಮಹಿಳೆಯರ ಕಾರ್ಯಕ್ರಮ, ಚಿತ್ರಗೀತೆ, ನೇರ ಫೋನ್-ಇನ್, ಪ್ರಾದೇಶಿಕ ವಾರ್ತೆ. ಸಂಜೆ ಕೃಷಿ, ಯುವಕರ ಕಾರ್ಯಕ್ರಮ, ಭಾಷಣ, ವಾರ್ತೆ, ಆಮೇಲೆ ಶಾಸ್ತ್ರೀಯ ಸಂಗೀತ. ಶನಿವಾರ ರಾತ್ರಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮದ ರಿಲೇ, ಅಂದರೆ ದೆಹಲಿಯಿಂದ ಬರುವ ಪ್ರಸಾರವನ್ನು ಆಗಿಂದಾಗಲೇ ಇಲ್ಲಿಂದಲೂ ಕೇಳಿಸುವುದು. ಆಕಾಶವಾಣಿ 1952ರಲ್ಲಿ ಶುರು ಮಾಡಿದ ಈ ಕಾರ್ಯಕ್ರಮಕ್ಕಾಗಿ ಕಾದು ಕೂರುವ ಮನೆಗಳು ಈ ಭಾಗದಲ್ಲಿ ಇಂದಿಗೂ ಇವೆ.

ಇಂಥ ದಿನವನ್ನು ಹಿಡಿದು ನಿಲ್ಲಿಸುವುದು ಫಿಕ್ಸೆಡ್ ಪಾಯಿಂಟುಗಳು, ಅಂದರೆ ಕದಲಿಸಲಾಗದ ವೇಳೆಗಳು. ವಾರ್ತೆಯ ರಿಲೇ ಶುರುವಾಗುವ ಕ್ಷಣ ಸ್ಥಳೀಯ ನಿಲ್ದಾಣದ ಕೈಯಲ್ಲಿಲ್ಲ. ಎಂಟು ಗಂಟೆಗೆ ರಿಲೇ ಎಂದರೆ ಎಂಟು ಗಂಟೆಗೇ. ಅದಕ್ಕೆ ಮೊದಲು ನಿಲ್ದಾಣ ತನ್ನ ಮಾತನ್ನೋ ಹಾಡನ್ನೋ ಮುಗಿಸಿ, ಮುಂದೇನು ಎಂದು ಹೇಳಿ, ಫೇಡರ್ (ದನಿ ಏರಿಸುವ, ಇಳಿಸುವ ಹಿಡಿ) ಇಳಿಸಿ ಆಗಿರಬೇಕು. ಎರಡು ಫಿಕ್ಸೆಡ್ ಪಾಯಿಂಟುಗಳ ನಡುವಿನ 30 ಅಥವಾ 45 ನಿಮಿಷದ ತುಂಡೇ ಸ್ಥಳೀಯರಿಗೆ ಸಿಗುವ ಜಾಗ. ಅದನ್ನು ಯಾವ ಕ್ರಮದಲ್ಲಿ ತುಂಬಬೇಕು ಎಂದು ಹೇಳುವ ಹಾಳೆಯೇ ಕ್ಯೂ ಶೀಟ್.

ಈ ನಿಲ್ದಾಣದ ಕ್ಯೂ ಶೀಟ್ ಕೂಡಿ ನೋಡಿದರೆ ಯಾವಾಗಲೂ ಸರಿಯಾಗಿಯೇ ಇರುತ್ತಿತ್ತು. ಆ ಶನಿವಾರ ಬೆಳಿಗ್ಗೆ 7.15ರಿಂದ 8 ಗಂಟೆವರೆಗೆ ಇದ್ದದ್ದು ಹೀಗೆ: ಭಾಷಣ 10 ನಿಮಿಷ, ಭಾವಗೀತೆ 15, ಆರೋಗ್ಯ ಸಂದರ್ಶನ 15, ಪ್ರಕಟಣೆ ಮತ್ತು ಸ್ಪಾಟ್ (ಚಿಕ್ಕ ಜಾಹೀರಾತು) 5. ಒಟ್ಟು 45.

ಬೆಳಿಗ್ಗೆ ಆದದ್ದು

ಪ್ರಸಾರವಾದದ್ದನ್ನು ಸ್ಟಾಪ್‌ವಾಚ್ ಹಿಡಿದು ಅಳೆದಾಗ ಚಿತ್ರ ಬೇರೆಯಾಯಿತು. ಭಾಷಣ 10 ನಿಮಿಷ 50 ಸೆಕೆಂಡು. ಭಾಷಣಕಾರರ ಪರಿಚಯ, ಮುಕ್ತಾಯದ ಸಾಲು ಸೇರಿ 11 ನಿಮಿಷ 45 ಸೆಕೆಂಡು. ನಿಲ್ದಾಣದ ಹೆಸರು ಮತ್ತು ವೇಳೆ ಹೇಳಲು 20 ಸೆಕೆಂಡು. ನಾಲ್ಕು ಸ್ಪಾಟ್‌ಗಳಿಗೆ 2 ನಿಮಿಷ. ಮೂರು ಭಾವಗೀತೆಗಳು 4 ನಿಮಿಷ 50 ಸೆಕೆಂಡು, 5 ನಿಮಿಷ 20 ಸೆಕೆಂಡು, 5 ನಿಮಿಷ 5 ಸೆಕೆಂಡು, ಅವುಗಳ ಉದ್ಘೋಷಣೆ 1 ನಿಮಿಷ 5 ಸೆಕೆಂಡು, ಒಟ್ಟು 16 ನಿಮಿಷ 20 ಸೆಕೆಂಡು. ಸಂದರ್ಶನ ಉದ್ಘೋಷಣೆಯೂ ಸೇರಿ 15 ನಿಮಿಷ 55 ಸೆಕೆಂಡು. ಎಲ್ಲ ಕೂಡಿದರೆ 46 ನಿಮಿಷ 20 ಸೆಕೆಂಡು. 45 ನಿಮಿಷದ ಜಾಗಕ್ಕೆ 80 ಸೆಕೆಂಡು ಹೆಚ್ಚು.

ಇದರಲ್ಲಿ ದೊಡ್ಡ ತಪ್ಪು ಅಂತ ಒಂದೂ ಇಲ್ಲ. ಒಂದೊಂದು ಕಾರ್ಯಕ್ರಮವೂ ಸ್ವಲ್ಪ ಸ್ವಲ್ಪ ಉದ್ದವಾಗಿದೆ, ಅಷ್ಟೇ. ಆದರೆ ಹೆಚ್ಚಾದ ಸಮಯವೆಲ್ಲ ಹರಿದು ಬಂದು ನಿಲ್ಲುವುದು ಸಾಲಿನ ಕೊನೆಯ ಕಾರ್ಯಕ್ರಮದ ಕೊನೆಯಲ್ಲಿ. ಆ ದಿನ ಅಲ್ಲಿದ್ದದ್ದು ಮಕ್ಕಳ ವಾಂತಿ-ಭೇದಿಯ ಬಗ್ಗೆ ವೈದ್ಯರೊಬ್ಬರ ಸಂದರ್ಶನ. 7.45.25ಕ್ಕೆ ಶುರುವಾಯಿತು, 8.01.20ಕ್ಕೆ ಮುಗಿಯಬೇಕಿತ್ತು, ಎಂಟಕ್ಕೆ ಫೇಡ್ ಆಯಿತು, ಅಂದರೆ ದನಿ ಇಳಿಸಿ ನಿಲ್ಲಿಸಲಾಯಿತು. ಹೋದ 80 ಸೆಕೆಂಡಿನಲ್ಲಿ 25 ಮುಕ್ತಾಯದ ಉದ್ಘೋಷಣೆ, 55 ವೈದ್ಯರ ಮಾತು.

ಆ 55 ಸೆಕೆಂಡಿನಲ್ಲೇ ಇಡೀ ಸಂದರ್ಶನದ ಜೀವ ಇತ್ತು. ಓಆರ್‌ಎಸ್ (ವಾಂತಿ-ಭೇದಿಯಲ್ಲಿ ಕಳೆದುಹೋದ ನೀರು, ಲವಣ ತುಂಬಲು ನೀರಿನಲ್ಲಿ ಕಲಸಿ ಕುಡಿಸುವ ಪುಡಿ) ಹೇಗೆ ಕಲಸಬೇಕು ಎಂಬ ಪ್ರಶ್ನೆಗೆ ವೈದ್ಯರು ಉತ್ತರ ಶುರು ಮಾಡಿದ್ದು ಜನ ಮಾಡುವ ತಪ್ಪಿನಿಂದ: "ಎಷ್ಟೋ ಜನ ಏನ್ ಮಾಡ್ತಾರೆ, ಇಡೀ ಪೊಟ್ಟಣ ಒಂದು ಲೋಟ ನೀರಿಗೆ ಹಾಕಿ ಮಗುವಿಗೆ ಕುಡಿಸ್ತಾರೆ..." ಇಲ್ಲಿಗೆ ಧ್ವನಿ ಇಳಿದು ಹೋಯಿತು. "ಹಾಗೆ ಮಾಡಬಾರದು, ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು ಬೇಕು" ಎಂಬ ಮುಂದಿನ ಸಾಲು ಯಾರಿಗೂ ಕೇಳಲಿಲ್ಲ.

ಇದು ಸಣ್ಣ ವಿಷಯವಲ್ಲ. ಪೊಟ್ಟಣವನ್ನು ಕಡಿಮೆ ನೀರಿನಲ್ಲಿ ಕಲಸಿದರೆ ದ್ರಾವಣದಲ್ಲಿ ಸೋಡಿಯಂ ವಿಪರೀತವಾಗುತ್ತದೆ, ಮೊದಲೇ ನೀರು ಕಳೆದುಕೊಂಡ ಮಗುವಿನ ಸ್ಥಿತಿ ಇನ್ನಷ್ಟು ಹದಗೆಡುತ್ತದೆ. ಭಾಷಣ ಅರ್ಧಕ್ಕೆ ನಿಂತರೆ ಕೇಳುಗನಿಗೆ ಅರ್ಧ ವಿಷಯ ಸಿಗುತ್ತದೆ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಇಲ್ಲಿ ಸಿಕ್ಕದ್ದು ತಲೆಕೆಳಗಾದ ವಿಷಯ.

ತಪ್ಪು ಗೊತ್ತಾದದ್ದು, ತಿದ್ದಿದ್ದು

ಬೆಳಗಿನ ಪ್ರಸಾರದ ವರದಿಯಲ್ಲಿ ಡ್ಯೂಟಿ ಆಫೀಸರ್ "ಸಮಯಾಭಾವದಿಂದ ಸಂದರ್ಶನವನ್ನು ಫೇಡ್ ಮಾಡಲಾಯಿತು" ಎಂದು ಬರೆದಿದ್ದರು. ಇಂಥ ಸಾಲು ಯಾವ ನಿಲ್ದಾಣದ ವರದಿಯಲ್ಲೂ ಸಿಗುತ್ತದೆ. ಯಾರೂ ಅದನ್ನು ಎರಡು ಸಲ ಓದುವುದಿಲ್ಲ. ಹನ್ನೊಂದರ ಹೊತ್ತಿಗೆ ಆಶಾ ಕಾರ್ಯಕರ್ತೆಯೊಬ್ಬರು ಡ್ಯೂಟಿ ರೂಮಿಗೆ ಫೋನ್ ಮಾಡದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು.

"ಸರ್ರ, ನಮ್ಮ ಓಣ್ಯಾಗ ಒಬ್ಬಾಕಿ ಇಡೀ ಪಾಕೀಟು ಒಂದ ಲೋಟಾ ನೀರಿಗೆ ಹಾಕ್ಬೇಕಂತ ರೇಡಿಯೋದಾಗ ಹೇಳ್ಯಾರ ಅನ್ನಾಕತ್ತಾಳ್ರೀ. ಖರೇನ್ರೀ?"

ಡ್ಯೂಟಿ ಆಫೀಸರ್ ಆಕೆಗೆ ಸರಿಯಾದ ಅಳತೆ ಹೇಳಿ, ಕೂಡಲೇ ಧ್ವನಿಮುದ್ರಿಕೆ ತೆಗೆದು ಕೇಳಿದರು, ಕಾರ್ಯಕ್ರಮ ಮುಖ್ಯಸ್ಥರಿಗೆ ತಿಳಿಸಿದರು. ಪ್ರಕರಣದ ಮೊದಲ ತಿರುವು ಇದು. ಏನು ಮಾಡಬೇಕೆಂಬುದಕ್ಕೆ ಮೂರು ಸಲಹೆ ಬಂದವು: ಉದ್ಘೋಷಕಿ ವಿಷಾದ ಓದುವುದು, ವೈದ್ಯರನ್ನು ಫೋನಿನಲ್ಲಿ ನೇರವಾಗಿ ಮಾತನಾಡಿಸುವುದು, ಸಂದರ್ಶನದ ಕೊನೆಯ ಭಾಗವನ್ನು ಮರುಪ್ರಸಾರ ಮಾಡುವುದು. ವಿಷಾದದ ಸಾಲು ಯಾವ ವಿಷಯ ತಪ್ಪಿತು ಎಂಬುದನ್ನು ಮುಟ್ಟಿಸುವುದಿಲ್ಲ. ವೈದ್ಯರು ಆ ಹೊತ್ತಿಗೆ ಸಿಗುವ ಖಾತ್ರಿ ಇರಲಿಲ್ಲ. ಹಾಗಾಗಿ ಪ್ರಶ್ನೆಯಿಂದಲೇ ಶುರುವಾಗುವ ಕೊನೆಯ ತುಂಡನ್ನು ಮರುಪ್ರಸಾರ ಮಾಡುವುದೆಂದು ತೀರ್ಮಾನವಾಯಿತು.

ಎರಡು ಅಂಶಗಳನ್ನು ಅವರು ಸರಿಯಾಗಿ ಯೋಚಿಸಿದರು. ಒಂದು, ಬೆಳಿಗ್ಗೆ ಕೇಳಿದವರೇ ಮಧ್ಯಾಹ್ನ ಕೇಳುತ್ತಾರೆಂಬ ಭರವಸೆ ಇಲ್ಲ. ಆದ್ದರಿಂದ ಅದನ್ನು ಮೂರು ಕಡೆ ಹಾಕಿದರು: ಮಧ್ಯಾಹ್ನ ಪ್ರಾದೇಶಿಕ ವಾರ್ತೆಗೆ ಮೊದಲು, ಸಂಜೆ ಕೃಷಿ ಕಾರ್ಯಕ್ರಮದ ಜೊತೆ, ಮರುದಿನ ಬೆಳಿಗ್ಗೆ ಅದೇ ಹೊತ್ತಿಗೆ. ಮೂರನೆಯದೇ ಮುಖ್ಯ, ಏಕೆಂದರೆ ಬೆಳಗಿನ ಕೇಳುಗರು ಸಿಗುವುದು ಬೆಳಿಗ್ಗೆಯೇ. ಎರಡು, ಪೀಠಿಕೆಯಲ್ಲಿ ತಪ್ಪು ಅಳತೆಯನ್ನು ಮತ್ತೆ ಉಚ್ಚರಿಸಲಿಲ್ಲ. ಉದ್ಘೋಷಣೆ ಹೀಗಿತ್ತು: "ಒಂದು ಲೀಟರಿನ ಓಆರ್‌ಎಸ್ ಪೊಟ್ಟಣಕ್ಕೆ ಒಂದು ಲೀಟರ್ ಶುದ್ಧ ಕುಡಿಯುವ ನೀರು. ಚಿಕ್ಕ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರು. ಕಲಸಿದ್ದನ್ನು 24 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಿ. ಬೆಳಿಗ್ಗೆ ಅಪೂರ್ಣವಾಗಿ ಪ್ರಸಾರವಾದ ವೈದ್ಯರ ಮಾತು ಈಗ ಪೂರ್ತಿಯಾಗಿ." ಚಿಕ್ಕ ಪೊಟ್ಟಣದ ಸಾಲನ್ನು ಸೇರಿಸಿದ್ದು ಒಳ್ಳೆಯದಾಯಿತು. ಅಂಗಡಿಯಲ್ಲಿ 200 ಮಿಲಿಲೀಟರ್ ನೀರಿಗೆ ಅಳೆದಿಟ್ಟ ಪೊಟ್ಟಣಗಳೂ ಸಿಗುತ್ತವೆ. ಅವುಗಳಿಗೆ ಒಂದು ಲೀಟರ್ ಹಾಕಿದರೆ ತೀರಾ ತೆಳ್ಳಗಾಗಿ ಪ್ರಯೋಜನಕ್ಕೆ ಬಾರದು.

ಮಧ್ಯಾಹ್ನದ 22 ಸೆಕೆಂಡು

ಅದೇ ದಿನ ಮಧ್ಯಾಹ್ನ ಉಲ್ಟಾ ಆಯಿತು. ಫೋನ್-ಇನ್ ಬೇಗ ಮುಗಿಯಿತು. ಉಳಿದ ಸಮಯ ತುಂಬಲು ಉದ್ಘೋಷಕಿ ಕೈಗೆ ಸಿಕ್ಕ ವಾದ್ಯ ಸಂಗೀತದ ತುಂಡನ್ನು, ಅಂದರೆ ಫಿಲ್ಲರ್, ಹಾಕಿದರು. ಲಾಗ್ ಪ್ರಕಾರ ಫಿಲ್ಲರ್ ಸಮಯಕ್ಕೆ ಸರಿಯಾಗಿ ಶುರುವಾಗಿದೆ. ಆದರೆ ಕೇಳುಗರು 22 ಸೆಕೆಂಡು ರೇಡಿಯೋ ಬಂದ್ ಆಗಿತ್ತು ಎಂದರು. ಇಬ್ಬರೂ ಹೇಳಿದ್ದು ನಿಜ. ಆ ಫಿಲ್ಲರ್ ಶುರುವಾಗುತ್ತಿದ್ದದ್ದು ತಂಬೂರಿಯ ಸಣ್ಣ ದನಿ, ಅದರ ಮೇಲೆ ಮೆಲ್ಲಗೆ ಎದ್ದೂ ಏಳದ ಆಲಾಪದಿಂದ. ಸ್ಟುಡಿಯೋದ ಹೆಡ್‌ಫೋನಿನಲ್ಲಿ ಅದು ಸೊಗಸಾಗಿ ಕೇಳುತ್ತದೆ. ಮೀಡಿಯಂ ವೇವ್‌ನಲ್ಲಿ, ಮೋಟಾರು ಮತ್ತು ಫ್ಯಾನಿನ ಗದ್ದಲದ ನಡುವೆ, ಅದು ಮೌನವೇ.

ಇದರ ಪರಿಹಾರ ಸುಲಭ: ಫಿಲ್ಲರ್ ಎಂದು ಗುರುತಿಸಿದ ಪ್ರತಿ ತುಂಡೂ ಮೊದಲ ಸೆಕೆಂಡಿನಲ್ಲೇ ಪೂರ್ಣ ದನಿಯಲ್ಲಿ ಶುರುವಾಗಬೇಕು. ತಾಳವಿಲ್ಲದೆ ಮೆಲ್ಲಗೆ ಬೆಳೆಯುವ ಆಲಾಪದ ಬದಲು ತಾಳದೊಂದಿಗೆ ಸಾಗುವ ಗತ್ ಅಥವಾ ಧುನ್ ಇಡಿ. ಅಂದೇ ಪಟ್ಟಿ ತಿದ್ದಲಾಯಿತು.

ರಾತ್ರಿಯ ಖ್ಯಾಲ್

ರಾತ್ರಿ ವಾರ್ತೆಯ ನಂತರ 9.15ಕ್ಕೆ ಭಾಷಣ, 9.30ಕ್ಕೆ ಮೊದಲೇ ಮುದ್ರಿಸಿದ ಹಿಂದೂಸ್ತಾನಿ ಖ್ಯಾಲ್ ಗಾಯನ, 10ಕ್ಕೆ ರಾಷ್ಟ್ರೀಯ ಕಾರ್ಯಕ್ರಮದ ರಿಲೇ. ಭಾಷಣ 15 ನಿಮಿಷ 25 ಸೆಕೆಂಡು, ಉದ್ಘೋಷಣೆ 55 ಸೆಕೆಂಡು, ಕೊನೆ ಗಳಿಗೆಯಲ್ಲಿ ಬಂದ ಒಂದು ಸ್ಪಾಟ್ 30 ಸೆಕೆಂಡು. ಹೀಗೆ ಗಾಯನ 9.31.50ಕ್ಕೆ ಶುರುವಾಯಿತು. ರಿಲೇಗೆ ಮೊದಲು, 9.59.40ರೊಳಗೆ ಮುಗಿಯಬೇಕು. ಕೈಯಲ್ಲಿ 27 ನಿಮಿಷ 50 ಸೆಕೆಂಡು. ಬೇಕಾದದ್ದು: ಪರಿಚಯ 35 ಸೆಕೆಂಡು, ವಿಲಂಬಿತ್ (ನಿಧಾನ ಲಯದ) ಏಕತಾಲದ ಬಡಾ ಖ್ಯಾಲ್ 21 ನಿಮಿಷ 40 ಸೆಕೆಂಡು, ದ್ರುತ್ (ವೇಗದ ಲಯದ) ತೀನ್‌ತಾಲದ ಛೋಟಾ ಖ್ಯಾಲ್ 7 ನಿಮಿಷ 5 ಸೆಕೆಂಡು, ಮುಕ್ತಾಯ 15 ಸೆಕೆಂಡು. ಒಟ್ಟು 29 ನಿಮಿಷ 35 ಸೆಕೆಂಡು. ಒಂದೂಮುಕ್ಕಾಲು ನಿಮಿಷ ಕಡಿಮೆ ಬಿತ್ತು.

ಕಾರ್ಯಕ್ರಮ ಶುರುವಾಗುವ ಮೊದಲೇ ಈ ಲೆಕ್ಕ ಹಾಕಬಹುದಿತ್ತು. ಯಾರೂ ಹಾಕಲಿಲ್ಲ, ಏಕೆಂದರೆ ಹಾಕಬೇಕೆಂಬ ರೂಢಿ ಇರಲಿಲ್ಲ. ಗಡಿಯಾರ 9.59.40 ತೋರಿಸಿದಾಗ ಫೇಡರ್ ಇಳಿಯಿತು. ಗಾಯಕಿ ಆಗ ದ್ರುತ್‌ನ ತಾನಿನ (ವೇಗವಾಗಿ ಹಾಡುವ ಸ್ವರಗಳ ಸಾಲಿನ) ನಡುವೆ ಇದ್ದರು. ಕೊನೆಯ ಒಂದೂವರೆ ನಿಮಿಷ, ಅಂದರೆ ತಾನುಗಳು ಏರುತ್ತ ಹೋಗಿ ತಿಹಾಯಿಯೊಂದಿಗೆ (ಮೂರು ಸಲ ಬರುವ ಮುಕ್ತಾಯದ ತುಣುಕಿನೊಂದಿಗೆ) ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬಂದು ಇಳಿಯುವ ಭಾಗ, ಪ್ರಸಾರವಾಗಲಿಲ್ಲ. ಹಾಡಿದವರ ಹೆಸರನ್ನು ಕೊನೆಗೆ ಇನ್ನೊಮ್ಮೆ ಹೇಳಲೂ ಆಗಲಿಲ್ಲ.

ಮೊದಲು ಹಿಡಿದ ದಾರಿಗಳು

ವಾರದ ಸಭೆಯಲ್ಲಿ ಮೂರೂ ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮೊದಲ ತೀರ್ಮಾನ ಶಿಸ್ತಿನದಾಗಿತ್ತು: ಪ್ರತಿ ಕಾರ್ಯಕ್ರಮವನ್ನೂ ಕ್ಯೂ ಶೀಟಿನ ನಿಮಿಷಕ್ಕೆ ಸರಿಯಾಗಿ ಮುಗಿಸಬೇಕು. ಫಲಿತಾಂಶ ಕೆಟ್ಟದಾಗಿತ್ತು. ಮೊದಲು ಸಾಲಿನ ಕೊನೆಯ ಕಾರ್ಯಕ್ರಮ ಒಂದೇ ತುಂಡಾಗುತ್ತಿತ್ತು, ಈಗ ಪ್ರತಿಯೊಂದರ ಬಾಲವೂ ಹೋಗತೊಡಗಿತು. ಭಾವಗೀತೆಯ ಕೊನೆಯ ಪಲ್ಲವಿ, ಭಾಷಣದ ಕೊನೆಯ ಪ್ಯಾರಾ, ಸಂದರ್ಶನದ ಕೊನೆಯ ಉತ್ತರ.

ಅದನ್ನು ಬಿಟ್ಟು ಎರಡನೆಯದನ್ನು ಹಿಡಿದರು: ಎಲ್ಲ ಕಡೆ ಫಿಲ್ಲರ್ ತುಂಬುವುದು, ಹತ್ತು ನಿಮಿಷದ ಭಾಷಣಗಳನ್ನು ಎಂಟಕ್ಕೆ ಇಳಿಸುವುದು. ತುಂಡಾಗುವುದು ನಿಂತಿತು. ಆದರೆ ದಿನವಿಡೀ ನಾಲ್ಕಾರು ಕೊಳಲು, ಸಂತೂರಿನ ತುಂಡುಗಳೇ ಸುತ್ತುತ್ತಿದ್ದವು. "ದಿನಾ ಅದ ಕೊಳಲು ಕೇಳಿ ಬ್ಯಾಸರಾಗೇದ" ಎಂಬ ಪೋಸ್ಟ್‌ಕಾರ್ಡ್ ಪತ್ರೋತ್ತರ ಕಾರ್ಯಕ್ರಮಕ್ಕೆ ಬಂತು. ಭಾಷಣದ ವಿಷಯದಲ್ಲಿ ಆದದ್ದು ಇನ್ನೂ ಕಲಿಯುವಂಥದ್ದು. ಸಮಯ ಕಡಿಮೆ ಮಾಡಿದರೂ ಭಾಷಣಕಾರರು ತಂದದ್ದು ಅಷ್ಟೇ ಪುಟ, ಓದಿದ್ದು ಜೋರಾಗಿ. ಈ ನಿಲ್ದಾಣ ಅಳೆದಂತೆ ಅಲ್ಲಿನ ಭಾಷಣಕಾರರು ಹಾಯಾಗಿ ಓದಿದಾಗ ನಿಮಿಷಕ್ಕೆ ಸುಮಾರು 95 ಕನ್ನಡ ಪದ ಬರುತ್ತಿತ್ತು. ಎಂಟು ನಿಮಿಷದ ಭಾಷಣಗಳಲ್ಲಿ ಅದು 115ರ ಹತ್ತಿರ ಹೋಗಿತ್ತು. ಕಥೆ, ಹರಟೆಯನ್ನು ಆ ವೇಗದಲ್ಲಿ ಹೇಗೋ ಹಿಂಬಾಲಿಸಬಹುದು. ಎಕರೆಗೆ ಎಷ್ಟು ಕಿಲೋ, ಲೀಟರಿಗೆ ಎಷ್ಟು ಮಿಲಿ ಎಂಬುದು ಆ ವೇಗದಲ್ಲಿ ಕಿವಿಯಲ್ಲಿ ನಿಲ್ಲುವುದಿಲ್ಲ.

ತಿರುವು: 7.40ಕ್ಕೆ ಏನು ಮಾಡಬಹುದಿತ್ತು?

ಸಭೆಯಲ್ಲಿ ಹಿರಿಯ ಉದ್ಘೋಷಕಿಯೊಬ್ಬರು ಪ್ರಶ್ನೆಯನ್ನೇ ಬದಲಿಸಿದರು. ಎಂಟು ಗಂಟೆಗೆ ಏನು ಮಾಡಬೇಕಿತ್ತು ಎಂದು ಎಲ್ಲರೂ ಚರ್ಚಿಸುತ್ತಿದ್ದಾಗ ಅವರು ಕೇಳಿದ್ದು, 7.40ಕ್ಕೆ ಏನು ಮಾಡಬಹುದಿತ್ತು ಎಂದು.

ಲೆಕ್ಕವನ್ನು ಹಿಂದಿನಿಂದ ಹಾಕಿ ನೋಡಿ. ಸಂದರ್ಶನಕ್ಕೆ 15 ನಿಮಿಷ 55 ಸೆಕೆಂಡು ಬೇಕು. ಎಂಟರಿಂದ ಅಷ್ಟನ್ನು ಕಳೆದರೆ 7.44.05. ಅದಕ್ಕಿಂತ ತಡವಾಗಿ ಶುರುವಾದರೆ ಬಾಲ ಹೋಗುವುದು ಖಚಿತ. ಅದಕ್ಕೆ ಮೊದಲಿನ ಮೂರನೆಯ ಭಾವಗೀತೆಗೆ ಉದ್ಘೋಷಣೆ ಸೇರಿ 5 ನಿಮಿಷ 25 ಸೆಕೆಂಡು. ಅಂದರೆ ಅದರ ಉದ್ಘೋಷಣೆ 7.38.40ರೊಳಗೆ ಶುರುವಾಗಬೇಕು. ಆ ದಿನ ಎರಡನೆಯ ಗೀತೆ ಮುಗಿದದ್ದು ಸರಿಯಾಗಿ 7.40ಕ್ಕೆ. ಮೂರನೆಯ ಗೀತೆಗೆ ಜಾಗ ಇಲ್ಲ ಎಂಬುದು ಆ ಕ್ಷಣದಲ್ಲೇ ಕಾಣುತ್ತಿತ್ತು. ಆ ಗೀತೆಯನ್ನು ಬಿಟ್ಟು, ನಾಲ್ಕು ನಿಮಿಷದ ವಾದ್ಯ ಸಂಗೀತ ಹಾಕಿದ್ದರೆ ಸಂದರ್ಶನ ಇಡಿಯಾಗಿ ಹೋಗುತ್ತಿತ್ತು. ಒಂದು ಹಾಡು ಇನ್ನೊಂದು ದಿನಕ್ಕೆ ಉಳಿಯುತ್ತಿತ್ತು, ಅಷ್ಟೇ ನಷ್ಟ.

ಸಮಯದ ಕೊರತೆಯನ್ನು ತೀರಿಸುವುದು ಕೊನೆಯಲ್ಲಲ್ಲ, ಮೊದಲೇ ಎಂಬುದು ಇಲ್ಲಿ ನಿಚ್ಚಳವಾಯಿತು. ಮಾತಿಗೂ ಸಂಗೀತಕ್ಕೂ ತೂಕ ಇರುವುದು ಕೊನೆಯಲ್ಲಿ: ಭಾಷಣದಲ್ಲಿ ನಿರ್ಣಯ, ಸಂದರ್ಶನದಲ್ಲಿ ಉಪಾಯ, ಖ್ಯಾಲಿನಲ್ಲಿ ತಿಹಾಯಿ. ಫೇಡರ್ ಕೈ ಹಾಕುತ್ತಿದ್ದದ್ದು ಅಲ್ಲಿಗೇ.

ಜಾರಿಗೆ ಬಂದ ಪದ್ಧತಿ

ಕ್ಯೂ ಶೀಟಿನಲ್ಲಿ ಎರಡು ಹೊಸ ಕಾಲಂ ಬಂದವು. ಒಂದು ಒಟ್ಟು ಕಾಲ: ಉದ್ಘೋಷಣೆಯ ಮೊದಲ ಅಕ್ಷರದಿಂದ ಮುಕ್ತಾಯದ ಕೊನೆಯ ಅಕ್ಷರದವರೆಗೆ. ಉದ್ಘೋಷಣೆಯ ಹಾಳೆಯನ್ನು ಹಿಂದಿನ ದಿನವೇ ಗಟ್ಟಿಯಾಗಿ ಓದಿ ಅಳೆಯಬೇಕು. ಮನಸ್ಸಿನಲ್ಲಿ ಓದಿದರೆ ಲೆಕ್ಕ ಯಾವಾಗಲೂ ಕಡಿಮೆ ಬರುತ್ತದೆ. ಕಂಪ್ಯೂಟರ್ ತೋರಿಸುವ ಫೈಲಿನ ಉದ್ದವನ್ನೂ ನಂಬುವಂತಿಲ್ಲ. ಅದರಲ್ಲಿ ಮೊದಲಿನ ಖಾಲಿ ಜಾಗ, ಕೊನೆಯ ಚಪ್ಪಾಳೆ, ಕೆಲವೊಮ್ಮೆ ಹಳೆಯ ಉದ್ಘೋಷಣೆಯೂ ಸೇರಿರುತ್ತದೆ. ಇನ್ನೊಂದು ಕಾಲಂ ಕಡೆಯ ಗಡುವು: ಈ ಕಾರ್ಯಕ್ರಮ ಎಷ್ಟು ಗಂಟೆ, ನಿಮಿಷ, ಸೆಕೆಂಡಿನೊಳಗೆ ಶುರುವಾಗಲೇಬೇಕು. ಇದನ್ನು ತುಂಬುವುದು ಕೆಳಗಿನಿಂದ ಮೇಲಕ್ಕೆ, ಫಿಕ್ಸೆಡ್ ಪಾಯಿಂಟಿನಿಂದ ಹಿಂದಕ್ಕೆ ಕಳೆಯುತ್ತ.

45 ನಿಮಿಷದ ಜಾಗಕ್ಕೆ 43 ನಿಮಿಷ 30 ಸೆಕೆಂಡಿಗಿಂತ ಹೆಚ್ಚು ತುಂಬಬಾರದು ಎಂದಾಯಿತು. ಉಳಿದ ಒಂದೂವರೆ ನಿಮಿಷ ಹಿಗ್ಗಿಸಲು, ಕುಗ್ಗಿಸಲು ಬರುವ ಒಂದು ಕಾರ್ಯಕ್ರಮಕ್ಕೆ ಸೇರಿದ್ದು. ಅದನ್ನು ಸಾಲಿನ ಕೊನೆಗೆ ಇಡದೆ ಕೊನೆಯದಕ್ಕೆ ಮೊದಲು ಇಡಬೇಕು. ಇದಕ್ಕೆ ಭಾವಗೀತೆಯೇ ಅನುಕೂಲ, ಎರಡೂ ಆಗುತ್ತದೆ, ಮೂರೂ ಆಗುತ್ತದೆ. ಆದರೆ ಉದ್ಘೋಷಕಿ ಶುರುವಿನಲ್ಲೇ "ಈಗ ಮೂರು ಭಾವಗೀತೆಗಳು" ಎಂದರೆ ಮೂರನೆಯದು ಸಾಲವಾಗಿ ಕೂರುತ್ತದೆ. ಹಾಗಾಗಿ ಸಂಖ್ಯೆ ಹೇಳುವುದನ್ನು ಬಿಟ್ಟರು.

ಭಾಷಣ ಮತ್ತೆ ಹತ್ತು ನಿಮಿಷಕ್ಕೆ ಬಂತು. ಆದರೆ ಓದಿಗೆ ಒಂಬತ್ತೇ ನಿಮಿಷ, ಅಂದರೆ ಸುಮಾರು 850 ಪದ. ಕರಾರು ಪತ್ರದ ಜೊತೆಗೇ ಈ ಸಂಖ್ಯೆಯನ್ನು ಬರೆದು ಕಳಿಸತೊಡಗಿದರು. ಪುಟಗಳ ಲೆಕ್ಕ ಹೇಳಿದರೆ ಒಬ್ಬರ ಕೈಬರಹ ಒಂದು ಥರ, ಇನ್ನೊಬ್ಬರದು ಇನ್ನೊಂದು ಥರ. ಆರೋಗ್ಯ, ಕೃಷಿ ಕಾರ್ಯಕ್ರಮಗಳಿಗೆ ಮಾತ್ರ ಇನ್ನೊಂದು ನಿಯಮ: ಸರಿಯಾದ ಅಳತೆ ಮೊದಲು, ಜನ ಮಾಡುವ ತಪ್ಪು ಆಮೇಲೆ. ಅಳತೆ ಮೊದಲರ್ಧದಲ್ಲಿ ಒಮ್ಮೆ, ಕೊನೆಯಲ್ಲಿ ಇನ್ನೊಮ್ಮೆ ಬರಬೇಕು. ಆಗ ಎಲ್ಲಿ ನಿಂತರೂ ಕೇಳುಗನ ಕೈಯಲ್ಲಿ ಉಳಿಯುವುದು ಸರಿಯಾದ ಅಳತೆಯೇ. ಕರೆಂಟ್ ಹೋಗುವ ಊರುಗಳಲ್ಲಿ, ಅರ್ಧಕ್ಕೆ ಎದ್ದು ಹೊಲಕ್ಕೆ ಹೋಗುವ ಕೇಳುಗರ ನಡುವೆ, ನಿಲ್ದಾಣ ತುಂಡು ಮಾಡದಿದ್ದರೂ ಈ ಕ್ರಮ ಬೇಕೇ ಬೇಕು.

ಸಂಗೀತದ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಹಾಡಿನ ನಡುವೆ ಕೈ ಹಾಕುವುದೆಂದರೆ ಕಲಾವಿದರಿಗೂ ಕೇಳುಗರಿಗೂ ನೋವು. ಕಾರ್ಯಕ್ರಮ ನಿರ್ವಾಹಕರು ಆ ರಾತ್ರಿಯ ಗಾಯಕಿಯನ್ನೇ ಕೇಳಿದರು. ಅವರ ಉತ್ತರ ಸ್ಪಷ್ಟವಾಗಿತ್ತು (ಆವರ್ತ ಎಂದರೆ ತಾಳದ ಒಂದು ಪೂರ್ತಿ ಸುತ್ತು): "ಬಡಾ ಖ್ಯಾಲಿನಾಗ ಎರಡ್ಮೂರು ಆವರ್ತ ಕಡಿಮಿ ಆದ್ರ ರಾಗಕ್ಕೇನೂ ಆಗೂದಿಲ್ರಿ. ತಿಹಾಯಿ ತುಂಡಾದ್ರ ಮಾತ್ರ ನಾ ಹಾಡಿದ್ದೆಲ್ಲಾ ಹೋದಂಗ."

ಇದರ ಮೇಲೆ ನಿಂತದ್ದು ನಿರ್ಗಮನ ಬಿಂದುಗಳ ಪದ್ಧತಿ. ಪ್ರತಿ ಬಡಾ ಖ್ಯಾಲಿನ ಕೊನೆಯ ಆರೇಳು ನಿಮಿಷ ಕೇಳಿ, ಗಾಯಕರು ಮುಖಡಾ (ಮತ್ತೆ ಮತ್ತೆ ಮರಳಿ ಬರುವ ಪಲ್ಲವಿಯ ತುಣುಕು) ಹಿಡಿದು ಸಮಕ್ಕೆ ಬಂದು ಉಸಿರು ಬಿಡುವ ಜಾಗಗಳನ್ನು ಗುರುತು ಹಾಕುವುದು. ತಡವಾಗಿ ಶುರುವಾದರೆ ಅಂಥ ಒಂದು ಸಮದ ನಂತರ ಮೂರು ಸೆಕೆಂಡಿನಲ್ಲಿ ಮೆಲ್ಲಗೆ ಇಳಿಸಿ, ಅದೇ ಹೊತ್ತಿಗೆ ಛೋಟಾ ಖ್ಯಾಲ್ ಏರಿಸುವುದು. ಎರಡೂ ಒಂದೇ ಮುದ್ರಣದವಾದ್ದರಿಂದ ತಂಬೂರಿಯ ಶ್ರುತಿ ಒಂದೇ, ಬೆಸುಗೆ ಕಾಣುವುದಿಲ್ಲ. ಆ ರಾತ್ರಿಯ ಮುದ್ರಣದಲ್ಲಿ ಒಂದು ಆವರ್ತಕ್ಕೆ ಸುಮಾರು 48 ಸೆಕೆಂಡು. ಮೂರು ಆವರ್ತ ಮೊದಲೇ ಹೊರಬಂದಿದ್ದರೆ 2 ನಿಮಿಷ 24 ಸೆಕೆಂಡು ಸಿಗುತ್ತಿತ್ತು. ದ್ರುತ್ ಪೂರ್ತಿಯಾಗಿ, ಮುಕ್ತಾಯದ ಸಾಲೂ ಸೇರಿ ಮುಗಿದು 39 ಸೆಕೆಂಡು ಉಳಿಯುತ್ತಿತ್ತು. ಮುಂದಿನ ರಾಷ್ಟ್ರೀಯ ಕಾರ್ಯಕ್ರಮದ ಕಲಾವಿದರನ್ನು ಪರಿಚಯಿಸಲು ಅಷ್ಟು ಸಾಕು.

ಇಲ್ಲಿ ಒಂದು ಎಚ್ಚರಿಕೆ. ಆವರ್ತದ ಸೆಕೆಂಡನ್ನು ಗುಣಿಸಿ ಬಿಂದುಗಳನ್ನು ಹುಡುಕಲು ಹೋಗಬಾರದು. ಬಡಾ ಖ್ಯಾಲ್ ಸಾಗಿದಂತೆ ಲಯ ಏರುತ್ತದೆ, ಆವರ್ತ ಚಿಕ್ಕದಾಗುತ್ತ ಬರುತ್ತದೆ. ಒಂದು ವಾರ ಹೀಗೆ ಲೆಕ್ಕದ ಮೇಲೆ ನಂಬಿಕೆ ಇಟ್ಟು ಇಳಿಸಿದಾಗ ಫೇಡ್ ಸಮಕ್ಕೆ ಎರಡು ಮಾತ್ರೆ (ತಾಳದ ಎಣಿಕೆ) ಮೊದಲೇ ಬಿತ್ತು. ತಬಲಾ ಗೊತ್ತಿದ್ದ ಕೇಳುಗರು ಕೂಡಲೇ ಫೋನ್ ಮಾಡಿದರು. ಕಿವಿಯಿಂದಲೇ ಗುರುತು ಹಾಕಬೇಕು, ಸಾಧ್ಯವಾದರೆ ತಾಳ ತಿಳಿದವರಿಂದ. ಕರ್ನಾಟಕ ಸಂಗೀತದ ಅರ್ಧ ಗಂಟೆಯ ಕಛೇರಿಗೆ ಈ ತೊಂದರೆ ಕಡಿಮೆ. ಕೊನೆಯ ದೇವರನಾಮವನ್ನೋ ತಿಲ್ಲಾನವನ್ನೋ ಇಡಿಯಾಗಿ ಬಿಟ್ಟು, ಪ್ರಧಾನ ಕೃತಿಯನ್ನು ತನಿಯ (ತಾಳವಾದ್ಯದವರು ತಾವಷ್ಟೇ ನುಡಿಸುವ ಭಾಗದ) ಸಮೇತ ಪೂರ್ತಿ ಕೇಳಿಸಬಹುದು.

ಗಡಿಯಾರದ ಬಗ್ಗೆಯೂ ಒಂದು ಮಾತು. ಸೆಕೆಂಡಿನ ಲೆಕ್ಕಕ್ಕೆ ಇಳಿದಾಗ ಸ್ಟುಡಿಯೋ ಮತ್ತು ಕಂಟ್ರೋಲ್ ರೂಮಿನ ಗಡಿಯಾರಗಳ ನಡುವೆ ಏಳು ಸೆಕೆಂಡು ವ್ಯತ್ಯಾಸ ಇರುವುದು ಗೊತ್ತಾಯಿತು. ಎರಡನ್ನೂ ಜಿಪಿಎಸ್ ಗಡಿಯಾರಕ್ಕೆ ಜೋಡಿಸಿದರು. ಆಗಲೂ ದೆಹಲಿಯ ರಿಲೇ ಗಡಿಯಾರಕ್ಕಿಂತ ತುಸು ಹಿಂದೆಯೇ ಕೇಳುತ್ತದೆ. ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಹೋಗಿ ಬರಲು ಕಾಲು ಸೆಕೆಂಡು, ಡಿಜಿಟಲ್ ಸಂಕೇತ ಮಾಡಿ ಬಿಡಿಸಲು ಇನ್ನಷ್ಟು. ಉದ್ಘೋಷಕರು ರಿಲೇಯ ದನಿಯನ್ನು ನೋಡಿಕೊಂಡು ಗಡಿಯಾರ ತಿದ್ದಬಾರದು.

ಆಮೇಲೆ

ಪದ್ಧತಿ ನೆಲೆಗೊಂಡ ಮೇಲೆ ಆರೋಗ್ಯ, ಕೃಷಿ ಕಾರ್ಯಕ್ರಮಗಳ ಕೊನೆ ತುಂಡಾದ ದಾಖಲೆ ವರದಿಯಲ್ಲಿ ಬರಲಿಲ್ಲ. ಸಂಗೀತ ತುಂಡಾದದ್ದಿದೆ, ಮುನ್ಸೂಚನೆ ಇಲ್ಲದೆ ವಿಶೇಷ ರಿಲೇ ಬಂದ ದಿನಗಳಲ್ಲಿ. ಅಂಥ ಹೊತ್ತಿನಲ್ಲಿ ಗಾಯನವನ್ನು ಶುರು ಮಾಡದೆ ಇನ್ನೊಂದು ದಿನಕ್ಕೆ ಮುಂದೂಡಿ, ಕೇಳುಗರಿಗೆ ಆ ದಿನಾಂಕ ಹೇಳಿಬಿಡುವುದು ಎಂದು ತೀರ್ಮಾನಿಸಿದ್ದಾರೆ. ಸ್ಪಾಟ್‌ಗಳ ವಿಷಯದಲ್ಲಿ ತಿಕ್ಕಾಟ ಮುಗಿದಿಲ್ಲ. ಕೊನೆ ಗಳಿಗೆಯಲ್ಲಿ ಬರುವ 30 ಸೆಕೆಂಡಿಗೆ ಹಣ ಬಂದಿರುತ್ತದೆ, ಬೇಡ ಎನ್ನಲಾಗದು. ಅದನ್ನು ಹಿಗ್ಗುವ ಕಾರ್ಯಕ್ರಮದ ಪಾಲಿನಿಂದಲೇ ಕಳೆಯಬೇಕೆಂಬುದಷ್ಟನ್ನು ಒಪ್ಪಿಸಲಾಗಿದೆ.

ಕಷ್ಟವಾಗಿ ಉಳಿದದ್ದು ನೇರ ಫೋನ್-ಇನ್. ಕರೆ ಮಾಡಿದವರ ಮಾತಿಗೆ ಗಡುವು ಹಾಕಲಾಗದು, ಹಾಕಲೂಬಾರದು. ತನ್ನ ಮಗುವಿನ ಜ್ವರದ ಬಗ್ಗೆ ಕೇಳುವ ತಾಯಿ ಸುತ್ತಿ ಬಳಸಿಯೇ ಹೇಳುತ್ತಾಳೆ. ಅದಕ್ಕೆ ಅವರು ಕಂಡುಕೊಂಡ ಉಪಾಯ ಇದು. ಮುಕ್ತಾಯಕ್ಕೆ ಆರು ನಿಮಿಷ ಇರುವಾಗ ಹೊಸ ಕರೆ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತಾರೆ. ಕಾರ್ಯಕ್ರಮ ಶುರುವಾಗುವ ಮೊದಲೇ ತಜ್ಞರಿಂದ 60 ಸೆಕೆಂಡಿನ ಮುಕ್ತಾಯದ ಮಾತನ್ನು ಮುದ್ರಿಸಿಕೊಂಡಿರುತ್ತಾರೆ: ಅಳತೆ, ಎಚ್ಚರಿಕೆ, ಯಾವಾಗ ಆಸ್ಪತ್ರೆಗೆ ಹೋಗಬೇಕು. ಕೊನೆಯ ಕರೆ ಎಳೆದರೆ ತಜ್ಞರ ನೇರ ಸಮಾರೋಪ ಬಿಟ್ಟು ಆ ಮುದ್ರಣ ಹೋಗುತ್ತದೆ. ಸಮಯ ಉಳಿದರೆ ತಜ್ಞರೇ ಮಾತನಾಡುತ್ತಾರೆ, ಮುದ್ರಣ ಮರುದಿನ ಬೆಳಿಗ್ಗೆ ಆರೋಗ್ಯ ಸಲಹೆಯಾಗಿ ಪ್ರಸಾರವಾಗುತ್ತದೆ.